ಕುಂಕುಮ ಕೊಟ್ಟು ಕರೆಯಲಿಲ್ಲ, ಮರೆಯಲಾಗುತ್ತಿಲ್ಲ

ಪ್ರಶ್ನೆ: ನಾದಿನಿ ತಮ್ಮ ಮನೆಯ ಗೃಹಪ್ರವೇಶಕ್ಕೆ ಮೈಸೂರಿನಲ್ಲೇ ಇರುವ ಓರಗಿತ್ತಿಯರನ್ನು ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆದರು. ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡ್ ಬಂತು. ಮರುದಿನ ಫೋನ್ ಮಾಡಿ 'ಹಿಂದಿನ ದಿನವೇ ಬಂದುಬಿಡಿ ಅತ್ತಿಗೆ' ಎಂದರು, ನಿಜ. ಆದರೂ ಮೂರು ವಾರದಿಂದ ಅದೇ ಕೊರಗು. ಯಜಮಾನರು 'ಎಲ್ಲ ನಿನ್ನ ಕಲ್ಪನೆ' ಎನ್ನುತ್ತಾರೆ. ಹೌದೇ?
– ಗೃಹಿಣಿ, ಹಾಸನ

ಉತ್ತರ: ಕಲ್ಪನೆಯಲ್ಲ, ನೋವು ನಿಜ. ಕರೆಯುವ ಕ್ರಮ ತಪ್ಪಿದರೆ ಯಾರಿಗೂ ಬೇಸರವಾಗುತ್ತದೆ. ಆದರೆ ಒಂದೆರಡು ದಿನದ ಬೇಸರ ಮೂರು ವಾರ ಎಳೆದಿರುವುದು ಆ ಕಾರ್ಡಿಗೆ ಮನಸ್ಸು ಕೊಟ್ಟ ಅರ್ಥದಿಂದ. ಅಮೆರಿಕದ ಆಲ್ಬರ್ಟ್ ಎಲಿಸ್ 1950ರ ದಶಕದಲ್ಲಿ, ಏರನ್ ಬೆಕ್ 1960ರ ದಶಕದಲ್ಲಿ ಘಟನೆಗೂ ಭಾವನೆಗೂ ನಡುವಿನ ಈ ಅರ್ಥವನ್ನೇ ಹಿಡಿದು ಚಿಕಿತ್ಸೆ ರೂಪಿಸಿದರು. ಯೋಚನೆ, ವರ್ತನೆಗಳನ್ನು ತಿದ್ದುವ ಇಂದಿನ ಮಾತಿನ ಚಿಕಿತ್ಸೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಬೆಳೆದದ್ದು ಅಲ್ಲಿಂದ.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಘಟನೆ, ಯೋಚನೆ, ಭಾವನೆ. ಘಟನೆಯಲ್ಲಿ ಕ್ಯಾಮೆರಾ ಹಿಡಿಯಬಲ್ಲದ್ದನ್ನು ಮಾತ್ರ ಬರೆಯಿರಿ. 'ಅವಮಾನ ಮಾಡಿದರು' ಎಂದರೆ ಅದಾಗಲೇ ಯೋಚನೆ. 'ಕಾರ್ಡ್ ವಾಟ್ಸ್‌ಆ್ಯಪ್‌ನಲ್ಲಿ ಬಂತು' ಎಂಬುದಷ್ಟೇ ಘಟನೆ. ಹೆಚ್ಚಿನವರು ಎಡವುವುದು ಮುಂದಿನ ಎರಡರಲ್ಲಿ. ಕನ್ನಡದಲ್ಲಿ ಎರಡಕ್ಕೂ 'ಅನಿಸಿತು' ಎಂದೇ ಹೇಳುತ್ತೇವಲ್ಲ! ಒಂದೇ ಪದ ಸಾಕಾದರೆ ಭಾವನೆ: ದುಃಖ, ಸಿಟ್ಟು. ಪೂರ್ತಿ ವಾಕ್ಯ ಬೇಕಾದರೆ ಯೋಚನೆ: 'ಈ ಮನೆಯಲ್ಲಿ ನನಗೆ ಬೆಲೆಯಿಲ್ಲ'. 'ನನಗೆ ಬೆಲೆ ಇದೆಯೇ?' ಎಂದು ಪ್ರಶ್ನೆಯಾಗಿ ಬರೆದರೆ ಪರೀಕ್ಷಿಸಲು ಬಾರದು, ಹೇಳಿಕೆಯಾಗಿಯೇ ಬರೆಯಿರಿ. ಭಾವನೆಯ ಪಕ್ಕ ತೀವ್ರತೆಗೆ 0ಯಿಂದ 100ರೊಳಗೆ ಒಂದು ಅಂಕಿ ಹಾಕಿ, 80 ಎಂದುಕೊಳ್ಳೋಣ.

ಇನ್ನು ಆ ಹೇಳಿಕೆಗೆ ಪರವಾಗಿ ಏನಿದೆ, ವಿರುದ್ಧ ಏನಿದೆ ಬರೆಯಿರಿ. ಓರಗಿತ್ತಿಯರನ್ನು ಮನೆಗೆ ಹೋಗಿ ಕರೆದದ್ದು ಪರ. ಅವರು ಅದೇ ಊರಿನಲ್ಲಿರುವುದು, ನೀವು ಸುಮಾರು 120 ಕಿ.ಮೀ. ಆಚೆ ಇರುವುದು, ಆ ಫೋನ್ ಕರೆ – ಇವು ವಿರುದ್ಧ. ಕೊನೆಗೆ ಎರಡನ್ನೂ ಒಳಗೊಂಡ ವಾಕ್ಯ: 'ಕರೆದ ರೀತಿ ನೋಯಿಸಿತು, ಆದರೆ ನನಗೆ ಬೆಲೆಯಿಲ್ಲ ಎನ್ನಲು ಇಷ್ಟೇ ಸಾಲದು.' ಮತ್ತೆ ಅಂಕಿ ಹಾಕಿ. 80 ಇದ್ದದ್ದು 50ಕ್ಕೆ ಬಂದರೂ ಕೆಲಸವಾಗಿದೆ. ಸೊನ್ನೆಗಾಗಿ ಕಾಯಬೇಡಿ. 'ಅವಳಿಗೆ ನನ್ನ ಮೇಲೆ ಬಲು ಪ್ರೀತಿ' ಎಂದು ಸಿಹಿ ಬಳಿದರೆ ಮನಸ್ಸು ನಂಬುವುದಿಲ್ಲ, ಅಂಕಿಯೂ ಇಳಿಯುವುದಿಲ್ಲ.

ದಿನಕ್ಕೆ 15 ನಿಮಿಷ, ಬರೆದೇ ಮಾಡಿ. ಮನಸ್ಸಿನಲ್ಲೇ ಮಾಡಹೊರಟರೆ ಅದೇ ಕೊರಗು ಇನ್ನೊಂದು ಸುತ್ತು ಹೊಡೆಯುತ್ತದೆ. ಅಂಕಿ ಸ್ವಲ್ಪ ಇಳಿದ ದಿನ ನಾದಿನಿಗೆ ಫೋನ್ ಮಾಡಿ, 'ನೀವೇ ಬಂದು ಕರೆದಿದ್ದರೆ ಖುಷಿಯಾಗುತ್ತಿತ್ತು' ಎಂದು ಹೇಳಿ. ಅವರ ಉತ್ತರವೇ ನಿಮ್ಮ ಹೇಳಿಕೆಗೆ ನಿಜವಾದ ಪರೀಕ್ಷೆ. ಬೇಕೆಂದೇ ದೂರವಿಟ್ಟದ್ದು ತಿಳಿದುಬಂದರೆ ಅದು ಯೋಚನೆಯ ದೋಷವಲ್ಲ, ಸಂಬಂಧದ ಸಮಸ್ಯೆ. ಆಗ ಯಜಮಾನರೂ ಮಾತಿಗೆ ಕೂರಬೇಕು.

ಪ್ರಶ್ನೆ: ತಂಗಿ ಮೂರು ವಾರದಿಂದ ಊಟ, ನಿದ್ದೆ ಬಿಟ್ಟಿದ್ದಾಳೆ. 'ಬದುಕೇ ಬೇಡ' ಎನ್ನುತ್ತಾಳೆ. ಹೀಗೆ ಬರೆಸಬಹುದೇ?
– ಓದುಗರು, ಶಿರಸಿ

ಉತ್ತರ: ಈಗ ಬೇಡ. ಇವತ್ತೇ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತನಾಡಬಹುದು. 'ಸಾಯುವ ಯೋಚನೆ ಬರುತ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯ ಬೇಡ. ಮನೆಯಲ್ಲಿರುವ ಕ್ರಿಮಿನಾಶಕ, ಮಾತ್ರೆಗಳಿಗೆ ಬೀಗ ಹಾಕಿ ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ.