100ರಿಂದ ಭಾಗಿಸಿದರೆ ಯಾಕೆ ಸರಿ ಬರುವುದಿಲ್ಲ?

250 ಘನ ಸೆಂಟಿಮೀಟರನ್ನು ಘನ ಮೀಟರ್‌ಗೆ ಬದಲಿಸಲು 100ರಿಂದ ಭಾಗಿಸಿದ್ದೀರಿ, 2.5 ಬಂದಿದೆ. ಪುಸ್ತಕದ ಉತ್ತರ 2.5 × 10⁻⁴. ತಪ್ಪಿದ್ದು ಎಲ್ಲಿ ಅಂತ ಕೇಳಿದ್ದೀರಿ, ಅಲ್ವಾ?

ಸೂತ್ರ ಪಕ್ಕಕ್ಕಿಡಿ. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ನೆನಪಿಸಿಕೊಳ್ಳಿ. ಅದು ತುಂಬಿದಾಗ ಇರುವ ನೀರೇ ಒಂದು ಘನ ಮೀಟರ್. 250 ಘನ ಸೆಂ.ಮೀ. ಅಂದರೆ ಕಾಲು ಲೀಟರ್, ಒಂದು ದೊಡ್ಡ ಲೋಟ ನೀರು. ನಿಮ್ಮ ಉತ್ತರದ ಪ್ರಕಾರ ಆ ಲೋಟದಲ್ಲಿ ಎರಡೂವರೆ ಟ್ಯಾಂಕ್ ನೀರಿರಬೇಕು. ಉತ್ತರ ಬಂದ ಮೇಲೆ ಹೀಗೆ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ, ಪರೀಕ್ಷೆಯಲ್ಲೂ.

ಮೀಟರ್‌ಗೆ 100 ಸೆಂ.ಮೀ. ಅನ್ನುವುದು ಉದ್ದಕ್ಕೆ ಮಾತ್ರ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಡಬ್ಬದೊಳಗೆ ಒಂದೊಂದು ಸೆಂ.ಮೀ.ನ ಪುಟ್ಟ ಘನಗಳನ್ನು ಜೋಡಿಸುತ್ತಾ ಹೋಗಿ. ಒಂದು ಸಾಲಿಗೆ 100. ತಳದಲ್ಲಿ ಅಂಥ 100 ಸಾಲು, ಅಂದರೆ 10,000. ಅದರ ಮೇಲೆ ಮೇಲೆ 100 ಪದರ. ಒಟ್ಟು 10 ಲಕ್ಷ, ಅಂದರೆ 10⁶. ಹಾಗಾಗಿ 250 ÷ 10⁶ = 2.5 × 10⁻⁴ ಘನ ಮೀಟರ್.

ಚದರ ಮೀಟರ್ ಆದರೆ 10⁴ ಸಾಕು, ಪದರಗಳಿಲ್ಲವಲ್ಲ.

ಇದು ಜಾಸ್ತಿ ಕಾಡುವುದು ಸಾಂದ್ರತೆಯ ಲೆಕ್ಕದಲ್ಲಿ. ನೀರಿನ ಸಾಂದ್ರತೆ ಘನ ಸೆಂ.ಮೀ.ಗೆ 1 ಗ್ರಾಂ, ಘನ ಮೀಟರ್‌ಗೆ 1000 ಕೆಜಿ. ಅದೇ ಟ್ಯಾಂಕ್, ಒಂದು ಟನ್ ನೀರು.