ಮಗುವಿನ ಮೊದಲ ದಂತವೈದ್ಯರ ಭೇಟಿಗೆ ಸಿದ್ಧತೆ ಹೇಗೆ?

ಮೂರು ವರ್ಷದ ಮಗಳನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗದ ದಂತವೈದ್ಯರಲ್ಲಿಗೆ ಮೊದಲ ಬಾರಿ ಕರೆದೊಯ್ಯುವ ಮುನ್ನ ಏನು ಸಿದ್ಧತೆ ಬೇಕೆಂದು ಕೇಳಿದ್ದೀರಿ. ಒಂದು ವರ್ಷ ತುಂಬುವಷ್ಟರಲ್ಲಿ ತೋರಿಸಬೇಕೆಂಬುದು ಮಕ್ಕಳ ದಂತವೈದ್ಯರ ಸಲಹೆಯಾದರೂ, 20 ಹಾಲುಹಲ್ಲುಗಳೂ ಸಾಮಾನ್ಯವಾಗಿ ಬಂದಿರುವ ಈ ವಯಸ್ಸಿನಲ್ಲಿ, ನೋವು ಶುರುವಾಗುವ ಮೊದಲೇ ಹೋಗುತ್ತಿರುವುದು ಒಳ್ಳೆಯದು.

ಹಿಂದಿನ ಎರಡು ಮೂರು ದಿನ ಮನೆಯಲ್ಲೇ ಆಟವಾಡಿಸಿ: ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ತೆರೆಸಿ, ಚಮಚದ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿ, ಆಮೇಲೆ ಅವಳು ನಿಮ್ಮ ಹಲ್ಲುಗಳನ್ನು ಎಣಿಸಲಿ. ಮೊದಲು ಹೇಳಿ, ಬಳಿಕ ಉಪಕರಣ ತೋರಿಸಿ, ಕೊನೆಗೆ ಬಾಯಿಗೆ ಕೈಹಾಕುವುದೇ ಮಕ್ಕಳ ದಂತವೈದ್ಯರ ಕ್ರಮವಾದ್ದರಿಂದ ಈ ಆಟ ಅಲ್ಲಿ ನೆರವಾಗುತ್ತದೆ.

ಊಟ ಮಾಡದಿದ್ದರೆ ಸೂಜಿ ಹಾಕಿಸುತ್ತೇನೆಂದು ಹೆದರಿಸುವ ರೂಢಿ (ನಮ್ಮ ಕಡೆಯ ಅಜ್ಜಿಯಂದಿರಿಗೆ ಇದು ಬಿಡದ ಅಭ್ಯಾಸ) ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ. 'ಸ್ವಲ್ಪವೂ ನೋವಾಗುವುದಿಲ್ಲ' ಎಂದೂ ಹೇಳಬೇಡಿ. ನೋವಿನ ಯೋಚನೆಯೇ ಇಲ್ಲದ ಮಗುವಿಗೂ ಅದು ಹೊಳೆಯುತ್ತದೆ. ಅತ್ತರೆ ದಾರಿಯಲ್ಲಿ ಸಿಗುವ ಸಕ್ರೆಬೈಲು ಆನೆ ಬಿಡಾರದ ಆನೆ ತೋರಿಸುವುದಿಲ್ಲವೆಂಬ ಷರತ್ತೂ ಬೇಡ.

ನಿದ್ದೆ ಪೂರ್ತಿಯಾಗಿರುವ ಬೆಳಗಿನ ಹೊತ್ತೇ ಭೇಟಿಗೆ ಸೂಕ್ತ. ದಾರಿಯ ತಿರುವುಗಳಲ್ಲಿ ವಾಂತಿಯಾಗುವ ಮಗುವಾದರೆ ಲಘುವಾಗಿ ತಿನ್ನಿಸಿ, ತಲುಪಿದ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳಲು ಬಿಡಿ. ರಾತ್ರಿ ಬಾಟಲಿ ಹಾಲು ಕುಡಿದು ಮಲಗುತ್ತಾಳೆಯೇ, ಯಾವುದಾದರೂ ಔಷಧಿ ಕೊಡುತ್ತಿದ್ದೀರಾ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಿ. ಕುರ್ಚಿಯಲ್ಲಿ ಕೂರಲೊಪ್ಪದಿದ್ದರೆ ನಿಮ್ಮ ಮಡಿಲಲ್ಲೇ ಪರೀಕ್ಷಿಸುವಂತೆ ಕೇಳಬಹುದು.