ಕುಂಡದ ಮೆಣಸಿನ ಗಿಡದ ಎಲೆ ಮುದುಡುತ್ತಿದೆ, ಏನು ಮಾಡಲಿ?

ನೀರು, ಗೊಬ್ಬರ ಸರಿಯಾಗಿ ಕೊಟ್ಟರೂ ಎಲೆ ಮುದುಡುತ್ತಿದೆ ಅಂದಿರಿ, ಅಲ್ವಾ? ಇದು ಮುಟುರು ರೋಗ, ಹೆಚ್ಚಾಗಿ ರಸ ಹೀರುವ ಸಣ್ಣ ಕೀಟ, ನುಸಿಗಳಿಂದ ಬರುತ್ತದೆ. ಸುಮ್ನೆ ಗೊಬ್ಬರ ಜಾಸ್ತಿ ಮಾಡಬೇಡಿ, ಎಳೆ ಚಿಗುರು ಹೆಚ್ಚಾದಷ್ಟೂ ನುಸಿಗೆ ಹಬ್ಬ.

ಎಲೆ ಯಾವ ಕಡೆ ಮಡಚಿದೆ ನೋಡಿ. ಅಂಚು ಮೇಲಕ್ಕೆದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ಕೀಟ. ಚಿಗುರಿನ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದರೆ ಸಣ್ಣ ಹಳದಿ ಹುಳುಗಳು ಓಡಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಅದು ಬರಿಗಣ್ಣಿಗೆ ಕಾಣುವುದೇ ಕಷ್ಟ.

ಥ್ರಿಪ್ಸ್‌ಗೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ. ಸಂಜೆ ಹೊತ್ತು ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ, ವಾರಕ್ಕೊಮ್ಮೆ. ಮೈಟ್ ಆದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಆದರೆ ಬೇವಿನೆಣ್ಣೆ ಹೊಡೆದು ಎರಡು ವಾರದೊಳಗೆ ಗಂಧಕ ಬೇಡ, ಎಲೆ ಸುಡುತ್ತದೆ. ಬಿಸಿಲು ಜೋರಿದ್ದಾಗಲೂ ಬೇಡ.

ಮುದುಡಿದ ಹಳೆ ಎಲೆ ಮತ್ತೆ ನೇರವಾಗುವುದಿಲ್ಲ. ಹೊಸ ಚಿಗುರು ಚೆನ್ನಾಗಿ ಬಂದರೆ ಗೆದ್ದಿರಿ. ಗಿಡ ಕುಬ್ಜವಾಗಿ, ಚಿಗುರೆಲ್ಲ ಗೊಂಚಲಾಗಿ, ಬಿಳಿನೊಣವೂ ಇದ್ದರೆ ಅದು ವೈರಸ್ ಇರಬಹುದು. ಅದಕ್ಕೆ ಔಷಧಿ ಇಲ್ಲ. ಪಕ್ಕದ ಕುಂಡಕ್ಕೆ ಹರಡುವ ಮೊದಲೇ ಕಿತ್ತುಬಿಡಿ.